ಸೌದೆ ಉರಿಯ ಇನ್ಸುಲೇಟೆಡ್ ಸ್ಮೋಕರ್ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಮೋಕರ್, ಅಂದರೆ ಸೌದೆಯ ಹದ ಬಿಸಿಯಲ್ಲಿ, ಹೊಗೆಯಲ್ಲಿ ಮಾಂಸ ನಿಧಾನ ಬೇಯಿಸುವ ಪೆಟ್ಟಿಗೆ. ಅದನ್ನು ಕಟ್ಟಲು ಹೊರಟವರು ಮೊದಲು ಕೇಳುವುದು ತಗಡಿನ ದಪ್ಪ ಎಷ್ಟಿರಬೇಕು ಅಂತ. ನಾನು ತಿರುಗಿ ಕೇಳುವುದು, ನಿಮ್ಮ ಬೆಂಕಿ ಎಷ್ಟು ದೊಡ್ಡದು ಅಂತ. ಇಲ್ಲಿವರೆಗೆ ಮೂರು ಸ್ಮೋಕರ್ ಕಟ್ಟಿದ್ದೇನೆ, ಅದರಲ್ಲಿ ಒಂದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದೇನೆ. ಕಲಿತದ್ದೆಲ್ಲ ಕೆಳಗಿದೆ. ಕಬ್ಬಿಣ ಕತ್ತರಿಸುವ ಮೊದಲು ಒಮ್ಮೆ ಪೂರ್ತಿ ಓದಿಬಿಡಿ. ಶಾಖದ ಲೆಕ್ಕವೆಲ್ಲ ಸೆಲ್ಸಿಯಸ್‌ನಲ್ಲಿದೆ.

ಇನ್ಸುಲೇಟೆಡ್ ಸ್ಮೋಕರ್ ಅಂದರೆ ಏನು?

ಎರಡು ಗೋಡೆಯ ಕಬ್ಬಿಣದ ಪೆಟ್ಟಿಗೆ. ಗೋಡೆಗಳ ನಡುವೆ ಶಾಖ ತಡೆಯುವ, ಉಣ್ಣೆಯಂಥ ವಸ್ತು ತುಂಬಿರುತ್ತದೆ. ಕೆಳಗೋ ಪಕ್ಕದಲ್ಲೋ ಒಲೆ, ನಡುವೆ ಮಾಂಸ ಇಡುವ ಗೂಡು, ಮೇಲೆ ಚಿಮಣಿ. ಒಲೆಯಲ್ಲಿ ಸೌದೆ ಉರಿಯುತ್ತದೆ. ಅದರ ಬಿಸಿಗಾಳಿಯೂ ತೆಳು ಹೊಗೆಯೂ ಗೂಡಿನ ಮೂಲಕ ಹಾದು ಚಿಮಣಿಯಿಂದ ಹೊರಗೆ ಹೋಗುತ್ತವೆ. ಗೂಡಿನ ಶಾಖ 107ರಿಂದ 135 ಡಿಗ್ರಿಯೊಳಗೆ ನಿಲ್ಲಬೇಕು. ಅದೂ ಹತ್ತು ಹನ್ನೆರಡು ಗಂಟೆ ಹೊತ್ತು.

ಒಂದೇ ಗೋಡೆಯ ಸ್ಮೋಕರ್‌ನಲ್ಲೂ ಇದನ್ನು ಮಾಡಬಹುದು, ಅನೇಕರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಗಾಳಿ ಬೀಸಿದರೆ ಶಾಖ ಬೀಳುತ್ತದೆ, ಮೋಡ ಸರಿದು ಬಿಸಿಲು ಬಂದರೆ ಏರುತ್ತದೆ. ನೀವು ಪಕ್ಕದಲ್ಲೇ ಕೂತಿರಬೇಕು.

ಇನ್ಸುಲೇಷನ್ ಹಾಕಿದರೆ ನಿಜವಾಗಿ ಎಷ್ಟು ಶಾಖ ಉಳಿಯುತ್ತದೆ?

ಒಂದು ಲೆಕ್ಕ ಹಾಕೋಣ. ಗೂಡಿನ ಒಳ ಅಳತೆ 60 ಸೆ.ಮೀ. ಅಗಲ, 60 ಸೆ.ಮೀ. ಆಳ, 1 ಮೀಟರ್ ಎತ್ತರ. ಆರೂ ಮುಖ ಸೇರಿದರೆ ಸುಮಾರು 3.1 ಚದರ ಮೀಟರ್. ಒಳಗೆ 120 ಡಿಗ್ರಿ, ಹೊರಗೆ 25 ಡಿಗ್ರಿ.

ಬರೀ ಒಂದು ತಗಡಿನ ಗೋಡೆಯಾದರೆ, ಗಾಳಿಯಿಲ್ಲದ ದಿನವೂ ಹೆಚ್ಚುಕಡಿಮೆ 1,800 ವ್ಯಾಟ್ ಶಾಖ ಗೋಡೆಯಿಂದಲೇ ಸೋರಿಹೋಗುತ್ತದೆ. ಅದೇ ಪೆಟ್ಟಿಗೆಗೆ 50 ಮಿ.ಮೀ. ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆ) ಹಾಕಿದರೆ ಸೋರಿಕೆ 270 ವ್ಯಾಟ್ ಆಸುಪಾಸಿಗೆ ಇಳಿಯುತ್ತದೆ. ಬಾಗಿಲಿನ ಅಂಚು, ಬೋಲ್ಟ್, ಹಿಂಜ್ ಎಲ್ಲ ಸೇರಿಸಿ 400 ಅಂತ ಇಟ್ಟುಕೊಳ್ಳಿ. ಆದರೂ ನಾಲ್ಕು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

25 ಮಿ.ಮೀ. ಸಾಕಾ ಅಂತ ಕೇಳುವವರಿದ್ದಾರೆ. ಸಾಕು, ಆದರೆ ಸೋರಿಕೆ ದುಪ್ಪಟ್ಟಾಗುತ್ತದೆ. 50ರಿಂದ 100ಕ್ಕೆ ಹೋದರೆ ಉಳಿತಾಯವಾಗುವುದು ಬರೀ 135 ವ್ಯಾಟ್. ಅದಕ್ಕಾಗಿ ಪೆಟ್ಟಿಗೆಯನ್ನು ಅಷ್ಟು ದಪ್ಪ ಮಾಡಬೇಕಾಗಿಲ್ಲ. ನನ್ನ ಲೆಕ್ಕಕ್ಕೆ 50 ಸರಿಯಾದ ಅಳತೆ.

ಅಷ್ಟು ಕಡಿಮೆ ಶಾಖ ಸಾಕು ಅಂದಮೇಲೆ, ಒಲೆಗೆ ಗಾಳಿ ಬರುವ ಗಾಳಿಬಾಯಿ ಮುಚ್ಚಿ ಬೆಂಕಿಯನ್ನು ಸಣ್ಣದು ಮಾಡಬಹುದಲ್ವಾ?

ಇದೇ ನೋಡಿ ಎಲ್ಲರೂ ಎಡವುವ ಜಾಗ. ನಾನೂ ಎಡವಿದ್ದೇನೆ.

ಚೆನ್ನಾಗಿ ಒಣಗಿದ 1 ಕೆ.ಜಿ. ಸೌದೆಯಲ್ಲಿ ಸುಮಾರು 4 ಕಿಲೋವ್ಯಾಟ್ ಅವರ್ ಶಾಖವಿದೆ. ಗಂಟೆಗೆ ಒಂದು ಕೆ.ಜಿ. ಸುಟ್ಟರೆ 4,000 ವ್ಯಾಟ್. ನಿಮ್ಮ ಗೂಡಿಗೆ ಬೇಕಿರುವುದು 400. ಅಂದರೆ ಗಂಟೆಗೆ 100 ಗ್ರಾಂ ಸೌದೆ! ಅಷ್ಟರಲ್ಲಿ ಉರಿ ನಿಲ್ಲುವುದೇ ಇಲ್ಲ. ಕೆಂಡವಾಗಬಹುದು, ಹೊಗೆಯಾಡಬಹುದು, ಆದರೆ ಜ್ವಾಲೆ ಇರುವುದಿಲ್ಲ.

ನನ್ನ ಎರಡನೇ ಸ್ಮೋಕರ್ ಬಹಳ ಬಿಗಿಯಾಗಿತ್ತು. ಒಲೆ ಮಾತ್ರ ದೊಡ್ಡದು. ಶಾಖ 150 ದಾಟಿತು ಅಂತ ಗಾಳಿಬಾಯಿಯನ್ನು ಬೆರಳು ಹೋಗುವಷ್ಟು ಮಾತ್ರ ಬಿಟ್ಟು ಮಲಗಿದೆ. ಥರ್ಮಾಮೀಟರ್ ರಾತ್ರಿಯಿಡೀ 115 ತೋರಿಸಿತು. ಬೆಳಗ್ಗೆ ಬಾಗಿಲು ತೆಗೆದರೆ ಒಳಗೋಡೆಗೆ ಕಪ್ಪು ವಾರ್ನಿಷ್ ಬಳಿದ ಹಾಗಿತ್ತು. ಬೆರಳಿಟ್ಟರೆ ಅಂಟಿತು, ಎಳೆದರೆ ನೂಲಿನಂತೆ ಬಂತು. ಮಾಂಸದ ಮೇಲೂ ಅದೇ ಹೊಳಪು. ಒಂದು ಚೂರು ಬಾಯಿಗೆ ಹಾಕಿದೆ. ಕಹಿ, ಜೊತೆಗೆ ನಾಲಿಗೆ ಜುಮ್ಮೆಂದು ಮರಗಟ್ಟಿತು. ಪೂರ್ತಿ ಎಸೆಯಬೇಕಾಯಿತು.

ಅದು ಕ್ರಿಯೋಸೋಟ್. ಬಿಸಿಯಾದ ಸೌದೆಯಿಂದ ಆವಿ ಹೊರಡುತ್ತದೆ. ಆ ಆವಿಗೆ ಗಾಳಿ ಸಿಕ್ಕರೆ ಅದೇ ಜ್ವಾಲೆ. ಗಾಳಿ ಸಿಗದಿದ್ದರೆ ಅರೆಬರೆ ಸುಟ್ಟು, ತಣ್ಣಗಿರುವ ಗೋಡೆ ಮತ್ತು ಮಾಂಸದ ಮೇಲೆ ಟಾರಿನಂತೆ ಕೂರುತ್ತದೆ. ಗಾಳಿ ಕಟ್ಟಿ ಶಾಖ ಇಳಿಸಿದರೆ ಥರ್ಮಾಮೀಟರ್‌ಗೆ ಸಮಾಧಾನ, ನಾಲಿಗೆಗೆ ಶಿಕ್ಷೆ.

ಆದ್ದರಿಂದ ಇನ್ಸುಲೇಟೆಡ್ ಸ್ಮೋಕರ್‌ನ ವಿನ್ಯಾಸ ಅಂದರೆ ಮುಖ್ಯವಾಗಿ ಒಂದೇ ಪ್ರಶ್ನೆ: ಸಣ್ಣ ಬೆಂಕಿಯೂ ಧಾರಾಳ ಉಸಿರಾಡುವ ಹಾಗೆ, ಜಾಸ್ತಿಯಾದ ಶಾಖಕ್ಕೆ ಬೇರೆ ದಾರಿ ಮಾಡುವುದು ಹೇಗೆ? ಇದಕ್ಕೆ ನಾನು ನಾಲ್ಕು ಕೆಲಸ ಮಾಡುತ್ತೇನೆ. ಒಲೆ ಚಿಕ್ಕದಾಗಿ ಕಟ್ಟುತ್ತೇನೆ. ಸೌದೆ ಸಣ್ಣದಾಗಿ ಸೀಳುತ್ತೇನೆ. ಗೂಡಿನ ಕೆಳಗೆ ನೀರಿನ ತಟ್ಟೆ ಇಡುತ್ತೇನೆ. ಒಲೆಯ ನೆತ್ತಿಯಲ್ಲಿ ಒಂದು ಬೈಪಾಸ್ ಬಾಯಿ ಬಿಡುತ್ತೇನೆ. ಒಂದೊಂದನ್ನೂ ಮುಂದೆ ಹೇಳಿದ್ದೇನೆ.

ಒಳ್ಳೆ ಹೊಗೆ ಯಾವುದು, ಕೆಟ್ಟದ್ದು ಯಾವುದು? ಹೇಗೆ ಗೊತ್ತಾಗುತ್ತದೆ?

ಚಿಮಣಿಯ ಬಾಯಿ ನೋಡಿ. ದಪ್ಪಗೆ, ಬೆಳ್ಳಗೆ, ಸುರುಳಿ ಸುರುಳಿಯಾಗಿ ಬರುತ್ತಿದ್ದರೆ ಬೆಂಕಿಗೆ ಗಾಳಿ ಸಾಲದು, ಇಲ್ಲವೇ ಸೌದೆ ಹಸಿ. ಕಣ್ಣಿಗೆ ಕಂಡೂ ಕಾಣದ ಹಾಗೆ, ತೆಳು ನೀಲಿಯಾಗಿದ್ದರೆ ಸರಿಯಾಗಿದೆ. ಏನೂ ಕಾಣದೆ ಬರೀ ಬಿಸಿಗಾಳಿ ನಡುಗುತ್ತಿದ್ದರೂ ಚಿಂತೆಯಿಲ್ಲ, ಮೂಗಿಗೆ ವಾಸನೆ ಬಂದೇ ಬರುತ್ತದೆ.

ಸೌದೆಯಲ್ಲಿರುವ ಲಿಗ್ನಿನ್ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಎನ್ನುವ ವಸ್ತುಗಳು ಹುಟ್ಟುತ್ತವೆ. ಹೊಗೆಯ ರುಚಿ, ಪರಿಮಳ ಹೆಚ್ಚಾಗಿ ಇವುಗಳದ್ದೇ. ತೆಳು ಹೊಗೆಯಲ್ಲೂ ಇವು ಬೇಕಾದಷ್ಟು ಇರುತ್ತವೆ.

ಯಾವ ಆಕಾರ ಒಳ್ಳೆಯದು?

ಇನ್ಸುಲೇಷನ್ ಹಾಕುವುದಾದರೆ ನಿಂತ ಬೀರುವಿನಂಥ ಪೆಟ್ಟಿಗೆಯೇ ಸುಲಭ. ಚಪ್ಪಟೆ ಗೋಡೆಗೆ ರಾಕ್‌ವೂಲ್ ಹಲಗೆ ನೇರ ಕೂರುತ್ತದೆ. ಬಿಸಿಗಾಳಿ ತಾನಾಗಿಯೇ ಮೇಲೇರುತ್ತದೆ. ಕಡಿಮೆ ಜಾಗದಲ್ಲಿ ಜಾಸ್ತಿ ತಟ್ಟೆ ಹಿಡಿಯುತ್ತದೆ.

ಉದ್ದಕ್ಕೆ ಮಲಗಿದ ಕೊಳವೆಯ ಪಕ್ಕದಲ್ಲಿ ಒಲೆ ಇರುವ ಆಫ್‌ಸೆಟ್ ಮಾದರಿ ನೋಡಲು ಚೆಂದ. ಅದಕ್ಕೆ ಎರಡನೇ ಗೋಡೆ ಸುತ್ತುವುದು ಮಾತ್ರ ಕಷ್ಟದ ಕೆಲಸ. ಆಫ್‌ಸೆಟ್ ಇಷ್ಟವಿದ್ದರೆ ಒಲೆಗೆ ಮಾತ್ರ ಇನ್ಸುಲೇಷನ್ ಹಾಕಿ, ಗೂಡನ್ನು 6 ಮಿ.ಮೀ. ತಗಡಿನಲ್ಲಿ ಹಾಗೇ ಬಿಡಿ. ದೊಡ್ಡ ಉರಿ ಇಟ್ಟುಕೊಂಡು ಬೇಯಿಸುವವರಿಗೆ ಅದೇ ವಾಸಿ. ಗೂಡು ಶಾಖ ಸೋರಿಸುವುದರಿಂದಲೇ ಅಲ್ಲಿ ಬೆಂಕಿಗೆ ಪೂರ್ತಿ ಗಾಳಿ ಕೊಡಲು ಆಗುವುದು.

ಅಳತೆಯನ್ನು ಎಲ್ಲಿಂದ ಶುರು ಮಾಡಬೇಕು?

ತಟ್ಟೆಯಿಂದ. ನೀವು ಸಾಮಾನ್ಯವಾಗಿ ಎಷ್ಟು ಬೇಯಿಸುತ್ತೀರಿ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನೋಡಿ. ಅಷ್ಟು ಅಗಲದ ತಂತಿ ತಟ್ಟೆ, ಸುತ್ತ 3 ಸೆ.ಮೀ. ಗಾಳಿ ಹೋಗುವ ಜಾಗ. ತಟ್ಟೆಯಿಂದ ತಟ್ಟೆಗೆ 15ರಿಂದ 20 ಸೆ.ಮೀ. ಎಲ್ಲಕ್ಕಿಂತ ಕೆಳಗಿನ ತಟ್ಟೆಗೂ ಅದರ ಕೆಳಗಿನ ಅಡ್ಡ ಹಲಗೆಗೂ (ಒಲೆಯ ಬಿಸಿ ನೇರ ಮಾಂಸಕ್ಕೆ ತಾಗದ ಹಾಗೆ ತಡೆಯುವ ತಗಡು) 30 ಸೆ.ಮೀ. ಬಿಡಿ. ಇಲ್ಲವಾದರೆ ಕೆಳಗಿನ ಮಾಂಸದ ತಳ ಸೀದುಹೋಗುತ್ತದೆ. ಇದಿಷ್ಟು ಕೂಡಿದರೆ ಗೂಡಿನ ಒಳ ಅಳತೆ ಸಿಕ್ಕಿತು. ಉಳಿದದ್ದೆಲ್ಲ ಅದರ ಹೊರಗೆ ಬರುತ್ತದೆ.

ವರ್ಷಕ್ಕೊಮ್ಮೆ ಬರುವ ದೊಡ್ಡ ಕೂಟಕ್ಕೆ ಅಂತ ಗೂಡು ದೊಡ್ಡದು ಮಾಡಬೇಡಿ. ಖಾಲಿ ಜಾಗವನ್ನೂ ನೀವೇ ಬಿಸಿ ಮಾಡಬೇಕು.

ಒಲೆ ಎಷ್ಟು ದೊಡ್ಡದಿರಬೇಕು?

ಒಂಟಿ ಗೋಡೆಯ ಆಫ್‌ಸೆಟ್‌ಗೆ ಗೂಡಿನ ಮೂರನೇ ಒಂದು ಪಾಲು ಅನ್ನುವುದು ವಾಡಿಕೆಯ ಲೆಕ್ಕ. ಇನ್ಸುಲೇಟೆಡ್ ಪೆಟ್ಟಿಗೆಗೆ ಅದು ಜಾಸ್ತಿಯಾಯಿತು. ಮೇಲೆ ಹೇಳಿದ 360 ಲೀಟರ್ ಗೂಡಿಗೆ ನಾನು 35 ಸೆ.ಮೀ. ಅಗಲ, 40 ಸೆ.ಮೀ. ಆಳ, 35 ಸೆ.ಮೀ. ಎತ್ತರದ ಒಲೆ ಇಟ್ಟಿದ್ದೇನೆ. ಅಂದರೆ 49 ಲೀಟರ್. ಗಂಟೆಗೆ ಅರ್ಧ ಕೆ.ಜಿ. ಸೌದೆಯ ಉರಿಗೆ ಇದು ಹಿತವಾದ ಮನೆ.

ಚಿಕ್ಕ ಒಲೆಯ ಗೋಡೆಗಳು ಉರಿಗೆ ಹತ್ತಿರ ಇರುತ್ತವೆ. ಒಳಗೆ 32 ಮಿ.ಮೀ. ಫೈರ್ ಬ್ರಿಕ್ ಜೋಡಿಸಿದರೆ ಇಟ್ಟಿಗೆ ಕಾದು, ಹೊಸ ತುಂಡು ಹಾಕಿದ ಕೂಡಲೇ ಅದಕ್ಕೆ ಉರಿ ಹಿಡಿಸುತ್ತದೆ. ಗಟ್ಟಿ ಇಟ್ಟಿಗೆಯನ್ನೇ ತನ್ನಿ. ಹಗುರವಾದ ಇನ್ಸುಲೇಷನ್ ಇಟ್ಟಿಗೆ ಶಾಖ ಚೆನ್ನಾಗಿ ತಡೆಯುತ್ತದೆ, ಆದರೆ ಸೌದೆ ತಾಗಿದರೆ ಪುಡಿಯಾಗುತ್ತದೆ. ಅದನ್ನು ಗಟ್ಟಿ ಇಟ್ಟಿಗೆಯ ಹಿಂದೆ ಇಡಿ. ಸೌದೆ ನೆಲಕ್ಕೆ ಕೂರದ ಹಾಗೆ 7–8 ಸೆ.ಮೀ. ಎತ್ತರದ ಕಬ್ಬಿಣದ ಜಾಲಿ ಬೇಕು. ಗಾಳಿ ಕೆಳಗಿನಿಂದ ಬರಬೇಕು, ಬೂದಿ ಕೆಳಗೆ ಬೀಳಬೇಕು.

ಬೈಪಾಸ್ ಬಾಯಿ ಅಂದಿರಲ್ಲ, ಅದೇನು?

ಒಲೆಯ ಮೇಲ್ಭಾಗದಿಂದ ನೇರ ಹೊರಗೆ ಹೋಗುವ 75 ಮಿ.ಮೀ. ಕೊಳವೆ, ಅದಕ್ಕೊಂದು ತಿರುಗುವ ಮುಚ್ಚಳ. ಬೆಂಕಿ ಹಚ್ಚುವಾಗ ತೆರೆದಿಡಿ. ಮೊದಲ ಇಪ್ಪತ್ತು ನಿಮಿಷದ ಕೊಳಕು ಹೊಗೆ ಗೂಡಿಗೆ ಹೋಗದೆ ಅಲ್ಲೇ ಹೊರಟುಹೋಗುತ್ತದೆ. ಮಧ್ಯದಲ್ಲಿ ಶಾಖ ಏರಿದರೆ ಗಾಳಿಬಾಯಿ ಮುಟ್ಟಬೇಡಿ, ಇದನ್ನು ಕಾಲುಭಾಗ ತೆರೆಯಿರಿ. ಉರಿ ಹಾಗೇ ಇರುತ್ತದೆ, ಜಾಸ್ತಿ ಶಾಖ ಹೊರಗೆ ಹೋಗುತ್ತದೆ. ನನ್ನ ಮೂರನೇ ಸ್ಮೋಕರ್‌ನಲ್ಲಿ ಅತಿ ಹೆಚ್ಚು ಉಪಕಾರ ಮಾಡಿದ ಭಾಗ ಇದೇ.

ಚಿಮಣಿ ಎಷ್ಟು ಎತ್ತರ, ಎಷ್ಟು ದಪ್ಪ?

ಚಿಮಣಿಯೇ ಸ್ಮೋಕರ್‌ನ ಶ್ವಾಸ. ಒಳಗಿನ ಬಿಸಿಗಾಳಿ ಹೊರಗಿನದಕ್ಕಿಂತ ಹಗುರ. ಆ ಹಗುರತನವೇ ಎಳೆತ. 120 ಡಿಗ್ರಿಯ 1 ಮೀಟರ್ ಚಿಮಣಿಯ ಎಳೆತ 3 ಪ್ಯಾಸ್ಕಲ್ ಕೂಡ ಆಗುವುದಿಲ್ಲ. ಎಷ್ಟು ಕಡಿಮೆ ಅಂದರೆ, ಬರೆಯುವ ಕಾಗದದ ಮೂರ್ನಾಲ್ಕು ಹಾಳೆ ಮೇಜಿನ ಮೇಲೆ ಹಾಕುವ ಭಾರದಷ್ಟು. ಬೆಂಕಿ ಉಸಿರಾಡುವುದು ಇಷ್ಟರ ಬಲದಲ್ಲಿ. ಹಾಗಾಗಿ ದಾರಿಯಲ್ಲಿ ಒಂದು ಇಕ್ಕಟ್ಟಾದ ತಿರುವು, ಮಸಿ ಕಟ್ಟಿದ ಜಾಲಿ, ಚಿಮಣಿ ಬಾಯಿಗೆ ತೀರಾ ಹತ್ತಿರ ಕೂತ ಮಳೆಟೋಪಿ, ಯಾವುದು ಬೇಕಾದರೂ ಅದನ್ನು ಕೊಲ್ಲಬಹುದು.

360 ಲೀಟರ್ ಗೂಡಿಗೆ ನಾನು 125 ಮಿ.ಮೀ. ವ್ಯಾಸ, 1 ಮೀಟರ್ ಎತ್ತರ ಇಡುತ್ತೇನೆ. ಗಾಳಿಬಾಯಿಯ ಒಟ್ಟು ವಿಸ್ತಾರ ಚಿಮಣಿಯ ವಿಸ್ತಾರಕ್ಕಿಂತ ಕಡಿಮೆ ಇರಬಾರದು. ಒಲೆಯಿಂದ ಗೂಡಿಗೆ ಹೋಗುವ ದಾರಿ ಅದಕ್ಕಿಂತ ದೊಡ್ಡದಿರಲಿ. ಚಿಮಣಿಯ ಮುಚ್ಚಳ ಅಡುಗೆ ನಡೆಯುವಾಗ ಪೂರ್ತಿ ತೆರೆದೇ ಇರಬೇಕು. ಅದು ಕೆಲಸ ಮುಗಿದ ಮೇಲೆ ಬೆಂಕಿ ಆರಿಸಲು, ಮಳೆ ತಡೆಯಲು ಮಾತ್ರ.

ಯಾವ ತಗಡು, ಎಷ್ಟು ದಪ್ಪ?

ಒಳಗೋಡೆಗೆ 3 ಮಿ.ಮೀ. ಎಂಎಸ್ ಶೀಟ್ (ಮೈಲ್ಡ್ ಸ್ಟೀಲ್, ಮಾಮೂಲಿ ಕಬ್ಬಿಣದ ತಗಡು). ಹೊರಗೋಡೆಗೆ 1.6 ಮಿ.ಮೀ. ಸಾಕು, ಅದು ಭಾರ ಹೊರುವುದಿಲ್ಲ. ಒಲೆಗೆ 6 ಮಿ.ಮೀ. ಬೇಕು. ತಟ್ಟೆಗಳಿಗೆ ಸ್ಟೇನ್‌ಲೆಸ್ ಸರಳು.

ಇನ್ಸುಲೇಷನ್ ಇದ್ದಮೇಲೆ ಗೂಡಿನ ತಗಡು ತೀರಾ ದಪ್ಪ ಬೇಡ. 6 ಮಿ.ಮೀ. ತಗಡು ಒಂದು ಚದರ ಮೀಟರಿಗೆ 47 ಕೆ.ಜಿ. ತೂಗುತ್ತದೆ, 3 ಮಿ.ಮೀ. ಅದರ ಅರ್ಧ. ನಮ್ಮ ಪೆಟ್ಟಿಗೆಯ ಒಳಗೋಡೆ ಒಂದೇ 3 ಮಿ.ಮೀ.ನಲ್ಲಿ 70 ಕೆ.ಜಿ. ದಾಟುತ್ತದೆ. ಚಕ್ರ ಹಾಕುವವರು ಈ ಲೆಕ್ಕ ಮೊದಲೇ ಮಾಡಿಕೊಳ್ಳಿ.

ಜಿಐ ಶೀಟ್ ಬಳಸಬಹುದಾ?

ಬೇಡ. ಜಿಐ ತಗಡಿನ ಮೇಲಿರುವ ಸತುವಿನ ಲೇಪ 419 ಡಿಗ್ರಿಗೆ ಕರಗುತ್ತದೆ, ಒಲೆಯ ಹತ್ತಿರ ಅಷ್ಟು ಶಾಖ ಇದ್ದೇ ಇರುತ್ತದೆ. ವೆಲ್ಡಿಂಗ್ ಮಾಡುವಾಗ ಬರುವ ಅದರ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಅಡುಗೆಯ ಹೊಗೆ ಓಡಾಡುವ ಯಾವ ಭಾಗಕ್ಕೂ ಜಿಐ ಹಾಕಬೇಡಿ.

ಹಳೆ ಡ್ರಮ್, ಹಳೆ ಫ್ರಿಜ್, ಹಳೆ ಟ್ಯಾಂಕ್ ಇದೆ. ಅದರಲ್ಲೇ ಮಾಡಬಹುದಾ?

ಫ್ರಿಜ್ ಖಂಡಿತ ಬೇಡ. ಒಳಗಿರುವುದು ಪ್ಲಾಸ್ಟಿಕ್, ಗೋಡೆಯೊಳಗಿರುವುದು ಫೋಮ್. ಬಿಸಿಯಾದರೆ ಎರಡೂ ವಿಷ. ಇಂಧನ ಅಥವಾ ಗ್ಯಾಸ್ ಇದ್ದ ಟ್ಯಾಂಕಿಗೆ ಗ್ರೈಂಡರ್ ಹಚ್ಚಿದರೆ ಸಿಡಿಯಬಹುದು. ಖಾಲಿ ಅಂತ ಕಂಡರೂ ಒಳಗೆ ಆವಿ ಇರುತ್ತದೆ. ಡ್ರಮ್ ಆದರೆ ಅದರಲ್ಲಿ ಮೊದಲು ಏನಿತ್ತು ಅಂತ ಖಚಿತ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ. ಹಳೆ ಬಾಯ್ಲರ್‌ನಿಂದ ಕಿತ್ತ ಇನ್ಸುಲೇಷನ್, ಹಗ್ಗದ ಗ್ಯಾಸ್ಕೆಟ್ ಮುಟ್ಟಲೂ ಬೇಡಿ. ಅದು ಕಲ್ನಾರು ಇರಬಹುದು.

ಗೋಡೆಗಳ ನಡುವೆ ಏನು ತುಂಬಬೇಕು?

ಗೂಡಿನ ಸುತ್ತ ರಾಕ್‌ವೂಲ್. ಸ್ವಲ್ಪ ಗಟ್ಟಿಯಾದ ಹಲಗೆಯ ರೂಪದ್ದೇ ತನ್ನಿ. ಸಡಿಲವಾದದ್ದು ವರ್ಷ ಕಳೆದಂತೆ ಕೆಳಗೆ ಕುಸಿದು ಮೇಲ್ಭಾಗ ಖಾಲಿಯಾಗುತ್ತದೆ. ರಾಕ್‌ವೂಲ್ ಕರಗುವುದು 1,000 ಡಿಗ್ರಿ ದಾಟಿದ ಮೇಲೆ. ಆದರೆ ಎಳೆಗಳನ್ನು ಹಿಡಿದಿಡುವ ಅಂಟು 200 ಡಿಗ್ರಿ ದಾಟಿದ ಕಡೆ ಸುಡತೊಡಗುತ್ತದೆ, ಕೆಟ್ಟ ವಾಸನೆ ಬರುತ್ತದೆ. ಆದ್ದರಿಂದ ಒಲೆಯ ಸುತ್ತ ಅದು ಬೇಡ.

ಒಲೆಯ ಸುತ್ತ ಸೆರಾಮಿಕ್ ಬ್ಲಾಂಕೆಟ್. 1,260 ಡಿಗ್ರಿಯ ದರ್ಜೆಯದ್ದು ಸಾಮಾನ್ಯವಾಗಿ ಸಿಗುತ್ತದೆ. ಇದರ ಧೂಳು ಮಾತ್ರ ಶ್ವಾಸಕೋಶಕ್ಕೆ ಅಪಾಯ, ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ದೇಹದಲ್ಲಿ ಕರಗಿಹೋಗುವ ಎಳೆಯ, ಬಯೋ-ಸಾಲ್ಯುಬಲ್ ಎನ್ನುವ ಬಗೆ ಸಿಕ್ಕರೆ ಅದನ್ನೇ ತನ್ನಿ. ಯಾವುದಾದರೂ ಸರಿ, ಒಳ್ಳೆ ಮಾಸ್ಕ್, ಉದ್ದ ತೋಳಿನ ಅಂಗಿ, ಕನ್ನಡಕ ಇಲ್ಲದೆ ಕತ್ತರಿಸಬೇಡಿ. ಎಳೆಗಳು ಹೊರಗೆ ಇಣುಕದ ಹಾಗೆ ತಗಡಿನಲ್ಲಿ ಪೂರ್ತಿ ಮುಚ್ಚಿ.

ಥರ್ಮಾಕೋಲ್, ಪಿಯುಎಫ್ (ಫ್ರಿಜ್ ಗೋಡೆಯೊಳಗಿನಂಥ ಫೋಮ್) ಬೇಡವೇ ಬೇಡ.

ಎರಡು ಗೋಡೆಗಳನ್ನು ಹೇಗೆ ಜೋಡಿಸಬೇಕು? ಆಂಗಲ್ ಹಾಕಿ ವೆಲ್ಡ್ ಮಾಡಿದರೆ ಸಾಕಲ್ವಾ?

ಕಬ್ಬಿಣ ರಾಕ್‌ವೂಲ್‌ಗಿಂತ ಸಾವಿರ ಪಟ್ಟು ಸುಲಭವಾಗಿ ಶಾಖ ದಾಟಿಸುತ್ತದೆ. 3 ಮಿ.ಮೀ. ದಪ್ಪ, 1 ಮೀಟರ್ ಉದ್ದದ ಒಂದೇ ಪಟ್ಟಿ ಎರಡು ಗೋಡೆಗಳ ನಡುವೆ ಸೇತುವೆಯಾಗಿ ನಿಂತರೆ, ಕಾಗದದ ಲೆಕ್ಕಕ್ಕೆ ಅದೊಂದೇ 285 ವ್ಯಾಟ್ ಸಾಗಿಸಬಲ್ಲದು. ನಾವು ಇಷ್ಟು ಕಷ್ಟಪಟ್ಟು ಇಳಿಸಿದ ಇಡೀ ಗೋಡೆಯ ಸೋರಿಕೆಯಷ್ಟು! ನನ್ನ ಮೊದಲ ಸ್ಮೋಕರ್‌ನ ಬಾಗಿಲ ಚೌಕಟ್ಟು ಹೀಗೇ ಇತ್ತು. ಗೋಡೆಯ ನಡುವೆ ಅಂಗೈ ಇಟ್ಟರೆ ಬೆಚ್ಚಗೆ. ಒಂದು ಗೇಣು ಪಕ್ಕಕ್ಕೆ ಸರಿಸಿ ಚೌಕಟ್ಟಿನ ಮೇಲಿಟ್ಟರೆ ಚುರ್ ಅನ್ನುತ್ತಿತ್ತು.

ಈಗ ನಾನು ಮಾಡುವುದು ಇಷ್ಟು. ಗೋಡೆಗಳ ನಡುವೆ ಉದ್ದ ಪಟ್ಟಿ ಹಾಕುವುದಿಲ್ಲ, ಅಲ್ಲಲ್ಲಿ ಬೋಲ್ಟ್ ಮಾತ್ರ. ಬಾಗಿಲ ಚೌಕಟ್ಟಿನಲ್ಲಿ ಎರಡು ಗೋಡೆ ಸೇರಲೇಬೇಕಾದ ಕಡೆ 1 ಮಿ.ಮೀ. ಸ್ಟೇನ್‌ಲೆಸ್ ಪಟ್ಟಿ. ಸ್ಟೇನ್‌ಲೆಸ್ ಶಾಖವನ್ನು ಅಷ್ಟು ಚೆನ್ನಾಗಿ ಸಾಗಿಸುವುದಿಲ್ಲ, ಅದರ ಮೇಲೆ ತೆಳ್ಳಗೂ ಇದೆ. ಎರಡೂ ಸೇರಿ ಸೋರಿಕೆ ಒಂಬತ್ತರಲ್ಲಿ ಒಂದು ಪಾಲಾಗುತ್ತದೆ.

ಇನ್ನೊಂದು ವಿಷಯ. ಒಳಗೋಡೆ ಕಾದು ಬೆಳೆಯುತ್ತದೆ, ಹೊರಗೋಡೆ ತಣ್ಣಗೇ ಇರುತ್ತದೆ. 100 ಡಿಗ್ರಿ ಏರಿದರೆ 1 ಮೀಟರ್ ಕಬ್ಬಿಣ 1.2 ಮಿ.ಮೀ. ಉದ್ದವಾಗುತ್ತದೆ. ಒಲೆಯ ಗೋಡೆ 400 ಡಿಗ್ರಿ ಏರಿದರೆ ಮೀಟರಿಗೆ ಹತ್ತಿರ ಹತ್ತಿರ 5 ಮಿ.ಮೀ. ಬೆಳೆಯುತ್ತದೆ. ಜಾಗ ಕೊಡದಿದ್ದರೆ ಗೋಡೆ ಡೊಂಕಾಗುತ್ತದೆ ಅಥವಾ ವೆಲ್ಡ್ ಬಿರಿಯುತ್ತದೆ. ಒಂದು ಕಡೆ ಬಿಗಿ ಮಾಡಿ, ಉಳಿದ ಕಡೆ ಬೋಲ್ಟಿನ ತೂತನ್ನು ಉದ್ದಕ್ಕೆ ಮಾಡಿ. ಕಬ್ಬಿಣ ಜಾರಲಿ.

ವೆಲ್ಡಿಂಗ್‌ನಲ್ಲಿ ಏನು ಗಮನಿಸಬೇಕು?

ಮೊದಲು ಎಲ್ಲ ಮೂಲೆಗೂ ಟ್ಯಾಕ್ (ಚುಕ್ಕಿಯಷ್ಟು ಬೆಸುಗೆ) ಹಾಕಿ, ಮೂಲೆಮಟ್ಟ ಹಿಡಿದು ನೋಡಿ. ಆಮೇಲೆ 25 ಮಿ.ಮೀ. ಒಂದು ಕಡೆ, 25 ಮಿ.ಮೀ. ಎದುರು ಕಡೆ, ಹೀಗೆ ಜಾಗ ಬದಲಾಯಿಸುತ್ತಾ ಹೋಗಿ. ಒಂದೇ ಸಮ ಎಳೆದರೆ ತೆಳು ತಗಡು ಸುರುಟುತ್ತದೆ.

ಒಳಪೆಟ್ಟಿಗೆಯ ಕೀಲುಗಳು ಮಾತ್ರ ಕೊನೆಗೆ ಪೂರ್ತಿ ಮುಚ್ಚಿರಬೇಕು, ಒಂದು ಸೂಜಿ ಕೂಡ ಹೋಗಬಾರದು. ನನ್ನ ಮೊದಲ ಸ್ಮೋಕರ್‌ನಲ್ಲಿ ತಳದ ಕೀಲನ್ನು ಅಲ್ಲಲ್ಲಿ ಬಿಟ್ಟಿದ್ದೆ. ಒಂದು ವರ್ಷದಲ್ಲಿ ಕೊಬ್ಬು ಅದರ ಮೂಲಕ ಇಳಿದು ರಾಕ್‌ವೂಲ್‌ಗೆ ಸೇರಿತು. ಬಿಸಿಯಾದಾಗಲೆಲ್ಲ ಹಳಸಿದ ಎಣ್ಣೆಯ ವಾಸನೆ. ಹೊರಗೋಡೆ ಬಿಚ್ಚಿ ನೋಡಿದರೆ ತಳದ ಹಲಗೆ ಜಿಡ್ಡಿನಲ್ಲಿ ನೆನೆದು, ಹಿಂಡಿದರೆ ಸುರಿಯುವ ಹಾಗಿತ್ತು. ಒಂದು ಕಿಡಿ ತಾಗಿದ್ದರೆ ಗೋಡೆಯೊಳಗೇ ಬೆಂಕಿ. ಪೂರ್ತಿ ಬಿಚ್ಚಿ ಕಟ್ಟಿದ್ದು ಅದನ್ನೇ.

ಈಗ ಕೀಲಿಗೆ ಒಳಗಿನಿಂದ ಸೀಮೆಎಣ್ಣೆ ಸವರಿ, ಹೊರಗಿನಿಂದ ಸೀಮೆಸುಣ್ಣ ಬಳಿದು ಅರ್ಧ ಗಂಟೆ ಬಿಡುತ್ತೇನೆ. ಸುಣ್ಣದ ಮೇಲೆ ಒದ್ದೆ ಗೆರೆ ಕಂಡರೆ ಅಲ್ಲಿ ತೂತಿದೆ. ಹಾಗೆ ಕಂಡರೆ ಎಣ್ಣೆಯನ್ನು ಪೂರ್ತಿ ಒರೆಸಿ, ತೊಳೆದು, ಒಣಗಿಸಿದ ಮೇಲೆಯೇ ಮತ್ತೆ ವೆಲ್ಡ್ ಮಾಡಿ. ಹೊರಗೋಡೆಯ ತಳದಲ್ಲಿ ಮಾತ್ರ ನಾಲ್ಕು ಸಣ್ಣ ತೂತು ಬಿಡಿ, ಒಳಗೆ ಸೇರಿದ ತೇವ ಹೊರಗೆ ಹೋಗಲು.

ಬಾಗಿಲು ಸೋರುತ್ತದೆ. ಏನು ಮಾಡಲಿ?

ಗಾಜಿನ ನೂಲಿನ ಹಗ್ಗದ ಗ್ಯಾಸ್ಕೆಟ್ ಹಾಕಿ. ಚಿಲಕ ಎಳೆದು ಬಿಗಿ ಮಾಡುವಂಥದ್ದಿರಲಿ, ಬರೀ ಕೊಂಡಿ ಸಾಲದು. ಪರೀಕ್ಷೆಗೆ ಒಂದು ಕಾಗದದ ಚೂರು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸುಮ್ನೆ ಜಾರಿ ಬಂದರೆ ಅಲ್ಲಿ ಸಡಿಲ. ಸುತ್ತಲೂ ಹೀಗೆ ನೋಡಿ. ರಾತ್ರಿ ಗೂಡಿನೊಳಗೆ ಟಾರ್ಚ್ ಹಚ್ಚಿಟ್ಟು ಬಾಗಿಲು ಹಾಕಿದರೂ ಗೊತ್ತಾಗುತ್ತದೆ. ಮೊದಲ ಕೆಲವು ಅಡುಗೆಯಲ್ಲಿ ಸ್ವಲ್ಪ ಸೋರಿದರೆ ಗಾಬರಿ ಬೇಡ, ಜಿಡ್ಡೂ ಮಸಿಯೂ ಸೇರಿ ಸಣ್ಣ ಸಂದುಗಳನ್ನು ತುಂಬುತ್ತವೆ.

ನೀರಿನ ತಟ್ಟೆ ಯಾಕೆ?

ಎಲ್ಲರೂ ಮಾಂಸ ಒಣಗದಿರಲಿ ಅಂತ ಇಡುತ್ತಾರೆ. ಅದೂ ನಿಜ. ಇನ್ಸುಲೇಟೆಡ್ ಪೆಟ್ಟಿಗೆಯಲ್ಲಿ ಅದಕ್ಕಿಂತ ದೊಡ್ಡ ಉಪಯೋಗವಿದೆ. 1 ಲೀಟರ್ ನೀರು ಒಂದು ಗಂಟೆಯಲ್ಲಿ ಆವಿಯಾಗಲು ಸುಮಾರು 630 ವ್ಯಾಟ್ ನುಂಗುತ್ತದೆ. ಗೋಡೆಯ ಸೋರಿಕೆಗಿಂತ ಜಾಸ್ತಿ! ಅಂದರೆ ಅಷ್ಟು ದೊಡ್ಡ ಉರಿ ಇಟ್ಟುಕೊಳ್ಳಲು ನಿಮಗೆ ಅವಕಾಶ ಸಿಕ್ಕಿತು. ಬೆಂಕಿ ಧಾರಾಳವಾಗಿ ಉರಿಯುತ್ತದೆ, ಶಾಖ ಏರುವುದಿಲ್ಲ. ಒಲೆಯ ಬಿಸಿ ನೇರ ತಾಗುವ ಕಡೆ, ಅಡ್ಡ ಹಲಗೆಯ ಮೇಲೆ ಇಡಿ. ಖಾಲಿಯಾಗಲು ಬಿಡಬೇಡಿ. ನೀರು ಮುಗಿದ ಕ್ಷಣ ಶಾಖ ಜಿಗಿಯುತ್ತದೆ.

ಥರ್ಮಾಮೀಟರ್ ಎಲ್ಲಿ ಹಾಕಬೇಕು?

ಮಾಂಸದ ಮಟ್ಟದಲ್ಲಿ, ತಟ್ಟೆಯ ಪಕ್ಕ. ಬಾಗಿಲ ನೆತ್ತಿಯ ಗಡಿಯಾರದಂಥ ಮೀಟರ್ ತೋರಿಸುವುದು ಅಲ್ಲಿನ ಶಾಖವನ್ನು, ಮಾಂಸದ ಹತ್ತಿರದ್ದನ್ನಲ್ಲ. ಮೇಲೊಂದು ಕೆಳಗೊಂದು, ಎರಡು ಇದ್ದರೆ ಒಳ್ಳೆಯದು. ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸಿ. ಸಮುದ್ರ ಮಟ್ಟದಲ್ಲಿ 100 ತೋರಿಸಬೇಕು, ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 1 ಡಿಗ್ರಿ ಕಡಿಮೆ.

ಯಾವ ಸೌದೆ?

ಗಟ್ಟಿ ಮರ, ಒಣಗಿದ್ದು. ತೇವ ನೂರಕ್ಕೆ 15ರಿಂದ 20 ಇದ್ದರೆ ಹದ. ಎರಡು ತುಂಡನ್ನು ಒಂದಕ್ಕೊಂದು ಬಡಿದರೆ ಟಣ್ ಅನ್ನಬೇಕು, ದಬ್ ಅಂದರೆ ಇನ್ನೂ ಹಸಿ. ರಾಳ ಇರುವ ಮರ, ಬಣ್ಣ ಬಳಿದ ಹಲಗೆ, ಪ್ಲೈವುಡ್ ಬೇಡ.

ಚಿಕ್ಕ ಒಲೆಗೆ 25 ಸೆ.ಮೀ. ಉದ್ದ, 4–5 ಸೆ.ಮೀ. ದಪ್ಪದ ಸೀಳು. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಒಂದು. ಮುಂದಿನ ತುಂಡನ್ನು ಒಲೆಯ ಮೇಲ್ಗಡೆ ಬಿಸಿಗೆ ಇಟ್ಟಿರಿ. ಬೆಚ್ಚಗಾದ ಸೌದೆ ಹಾಕಿದ ಕೂಡಲೇ ಉರಿ ಹಿಡಿಯುತ್ತದೆ, ಹೊಗೆಯಾಡುವುದಿಲ್ಲ. ರಾತ್ರಿ ನಿದ್ದೆ ಬೇಕು ಅನ್ನುವವರು ಇದ್ದಿಲಿನ ಕೆಂಡದ ಮೇಲೆ ಸೌದೆ ಚೂರು ಇಡುವ ಕ್ರಮಕ್ಕೆ ಹೋಗಿ. ಇದ್ದಿಲಿನ ಆವಿ ಮೊದಲೇ ಹೋಗಿರುವುದರಿಂದ ಅದು ಕಡಿಮೆ ಗಾಳಿಯನ್ನೂ ತಡೆದುಕೊಳ್ಳುತ್ತದೆ.

ಫ್ಯಾನ್ ಇರುವ ಶಾಖದ ಕಂಟ್ರೋಲರ್ ಹಾಕಬಹುದಾ?

ಇದ್ದಿಲಿಗೆ ಹಾಕಿ, ಚೆನ್ನಾಗಿ ಕೆಲಸ ಮಾಡುತ್ತದೆ. ಬರೀ ಸೌದೆಗೆ ಬೇಡ. ಫ್ಯಾನ್ ನಿಂತಾಗ ಬೆಂಕಿ ಉಸಿರುಗಟ್ಟುತ್ತದೆ, ಮತ್ತೆ ಅದೇ ಕಪ್ಪು ವಾರ್ನಿಷ್.

ಹೊಸ ಸ್ಮೋಕರ್‌ನಲ್ಲಿ ನೇರ ಅಡುಗೆ ಮಾಡಬಹುದಾ?

ಮಾಡಬೇಡಿ. ಮೊದಲು ಸೋಪುನೀರಿನಲ್ಲಿ ತೊಳೆದು, ತಗಡಿನ ಮೇಲಿನ ಎಣ್ಣೆ ತೆಗೆಯಿರಿ. ಒಳಗೆ ಬಣ್ಣ ಬಳಿಯಬೇಡಿ. ಅಡುಗೆ ಎಣ್ಣೆ ತೆಳ್ಳಗೆ ಸವರಿ, 150 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ ಖಾಲಿ ಉರಿಸಿ. ಒಲೆಯ ಇಟ್ಟಿಗೆಗೆ ಮೊದಲ ಬೆಂಕಿ ತೀರಾ ಸಣ್ಣದಿರಲಿ, ತೇವ ನಿಧಾನ ಹೋಗಲಿ. ಒಮ್ಮೆಲೇ ಕಾಯಿಸಿದರೆ ಬಿರುಕು ಬಿಡುತ್ತದೆ.

ಮಾಂಸದ ಒಳಶಾಖ 70ರ ಹತ್ತಿರ ಬಂದು ಗಂಟೆಗಟ್ಟಲೆ ನಿಂತುಬಿಡುತ್ತದೆ. ಸ್ಮೋಕರ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಮಾಂಸ ಬೆವರುತ್ತಿದೆ. ಮೇಲ್ಮೈಯ ನೀರು ಆವಿಯಾಗುತ್ತಾ ತಣ್ಣಗೆ ಮಾಡುತ್ತದೆ, ಒಳಬರುವ ಶಾಖವೆಲ್ಲ ಅದಕ್ಕೇ ಖರ್ಚಾಗುತ್ತದೆ. ತೇವ ಕಡಿಮೆಯಾದ ಮೇಲೆ ತಾನಾಗಿ ಏರುತ್ತದೆ. ಗಟ್ಟಿ ಮಾಂಸದ ನಾರು ಕರಗಿ ಮೆತ್ತಗಾಗಲು ಒಳಗೆ 90–96 ಡಿಗ್ರಿ ಬೇಕು, ಅದಕ್ಕೂ ಹೊತ್ತು ಹಿಡಿಯುತ್ತದೆ. ಕೋಳಿಗೆ 74 ಆದರೆ ಬೆಂದಿದೆ. ಬೆಂಕಿ ಜಾಸ್ತಿ ಮಾಡಲು ಹೋಗಬೇಡಿ, ಕಾಯಿರಿ.

ಶೆಡ್ಡಿನೊಳಗೆ ಇಟ್ಟುಕೊಂಡು ಉರಿಸಬಹುದಾ?

ಇಲ್ಲ. ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಗೊತ್ತಾಗುವ ಹೊತ್ತಿಗೆ ಎದ್ದು ಹೋಗುವ ಶಕ್ತಿಯೂ ಇರುವುದಿಲ್ಲ. ಬಯಲಲ್ಲಿ, ಗೋಡೆಯಿಂದ ದೂರ ಇಡಿ.

ಗೂಡಿನೊಳಗೆ ಜಿಡ್ಡಿಗೆ ಬೆಂಕಿ ಹಿಡಿದರೆ?

ಬಾಗಿಲು ತೆರೆಯಬೇಡಿ, ನೀರು ಹಾಕಬೇಡಿ. ಗಾಳಿಬಾಯಿ, ಬೈಪಾಸ್, ಚಿಮಣಿ ಎಲ್ಲ ಮುಚ್ಚಿ ದೂರ ನಿಲ್ಲಿ. ಗಾಳಿ ಮುಗಿದರೆ ಆರುತ್ತದೆ. ಆರಿತು ಅನ್ನಿಸಿದ ಮೇಲೂ ಪೂರ್ತಿ ತಣ್ಣಗಾಗುವವರೆಗೆ ತೆರೆಯಬೇಡಿ, ಗಾಳಿ ನುಗ್ಗಿದರೆ ಮತ್ತೆ ಭಗ್ಗೆನ್ನುತ್ತದೆ. ಇದು ಬಾರದಿರಲಿ ಅಂದರೆ ಗೂಡಿನ ತಳ ಒಂದು ಕಡೆಗೆ ಇಳಿಜಾರಾಗಿರಬೇಕು, ತುದಿಯಲ್ಲಿ ಜಿಡ್ಡು ಹೊರಹೋಗುವ ಕೊಳವೆ ಇರಬೇಕು. ಪ್ರತಿ ಅಡುಗೆ ಮುಗಿದ ಮೇಲೆ, ಬೆಚ್ಚಗಿರುವಾಗಲೇ ತಳ ಕೆರೆದುಬಿಡಿ.

ಮಳೆಯಲ್ಲಿ ಹೊರಗೆ ಬಿಡಬಹುದಾ?

ಅಡುಗೆ ನಡೆಯುವಾಗ ಮಳೆ ಬಂದರೆ ತೊಂದರೆಯಿಲ್ಲ, ಎರಡು ಗೋಡೆ ಕಟ್ಟಿದ್ದೇ ಅದಕ್ಕೆ. ಉಳಿದ ದಿನ ಹೊದಿಕೆ ಹಾಕಿ. ನೆತ್ತಿಯ ಕೀಲಿನಿಂದ ನೀರು ಇಳಿದರೆ ರಾಕ್‌ವೂಲ್ ಒದ್ದೆಯಾಗಿ ಶಾಖ ತಡೆಯುವುದನ್ನೇ ಬಿಡುತ್ತದೆ. ಬೂದಿಯನ್ನು ಒಲೆಯಲ್ಲಿ ಬಿಡಬೇಡಿ. ಅದು ತೇವ ಎಳೆದುಕೊಂಡು ತಳದ ತಗಡನ್ನು ತಿನ್ನುತ್ತದೆ. ನನ್ನ ಈಗಿನ ಸ್ಮೋಕರ್‌ಗೆ ಮಳೆಗಾಲದ ಮೊದಲು ಹೊರಗಿನ ಬಣ್ಣ ಒಂದು ಸುತ್ತು ತಿದ್ದುತ್ತೇನೆ. ಒಲೆಯ ಹೊರಭಾಗಕ್ಕೆ 600 ಡಿಗ್ರಿ ತಡೆಯುವ ಸಿಲಿಕೋನ್ ಬಣ್ಣ, ಉಳಿದ ಕಡೆ ಮಾಮೂಲಿ ಬಣ್ಣವೇ ಸಾಕು. ಅಲ್ಲಿ ಕೈಯಿಟ್ಟರೆ ಬರೀ ಬೆಚ್ಚಗಿರುತ್ತದೆ.